ಬಿಡಿಸದೆ ಒತ್ತಿದ ಚುಕ್ಕೆ

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಬೆಳಿಗ್ಗೆ ಟೀ ಲೋಟ ಹಿಡಿದು ಕೂತರೆ ಲೇತ್ ಮೇಸ್ತ್ರಿಗೆ ಮೇಲ್ಮನೆಯ ಕಿಟಕಿಯಿಂದ ಇದೇ ಸದ್ದು. ನಿವೃತ್ತ ಗಣಿತ ಮೇಷ್ಟ್ರು ಹಿತ್ತಾಳೆಯ ಕೊಳವೆ ತಿರುಗಿಸುತ್ತಿದ್ದಾರೆ. ಅದರೊಳಗಿನ ಮೊಳೆ ಎಲ್ಲೋ ತಡೆದು ಬಡಿಯುತ್ತಿದೆ.

ಹಗಲೆಲ್ಲ ಲೇತಿನಲ್ಲಿ ಪಂಪಿನ ಬಿಡಿಭಾಗ ಕಡೆಯುವ ಮೇಸ್ತ್ರಿ ಸಂಜೆ ಇಂಥ ಕೊಳವೆ ಒಗಟುಗಳನ್ನು ಮಾಡುತ್ತಿದ್ದ. ಹಿತ್ತಾಳೆ ಸರಳಿನ ಮೈತುಂಬ ಚಕ್ರವ್ಯೂಹದಂಥ ಕಾಲುವೆ ಕೊರೆದು, ಮೇಲೆ ಕೊಳವೆ ತೊಡಿಸಿ, ತುದಿ ಕಾಲುವೆಯಲ್ಲಿ ಕೂರುವಂತೆ ಹೊರಗಿನಿಂದ ಮೊಳೆ ಬಡಿಯುವುದು. ಕಣ್ಣಿಗೆ ಏನೂ ಕಾಣದು. ಕೈಯಂದಾಜಿನಲ್ಲೇ ಮೊಳೆಗೆ ದಾರಿ ಹುಡುಕಿ ಕೊಳವೆ ಕಳಚಬೇಕು. ಪ್ರತಿಯೊಂದನ್ನೂ ತಾನೇ ಒಮ್ಮೆ ಬಿಡಿಸಿ, ಆಮೇಲೆ ತಳಕ್ಕೆ ಚುಕ್ಕೆ ಒತ್ತುತ್ತಿದ್ದ. ಚುಕ್ಕೆ ಇದ್ದರೆ ದಾರಿ ಇದೆ ಎಂದರ್ಥ. ದೂರದೂರಿನ ಒಗಟು ಹುಚ್ಚರೂ ಅದನ್ನು ನಂಬಿಯೇ ತರಿಸಿಕೊಳ್ಳುತ್ತಿದ್ದರು.

ಮೇಷ್ಟ್ರ ಬೀಳ್ಕೊಡುಗೆಯ ದಿನ ಉಡುಗೊರೆಯ ಒಗಟು ಮುಗಿಸುವಾಗ ಮಾತ್ರ ಹೊತ್ತಾಗಿತ್ತು. ಬಿಡಿಸದೆಯೇ ಚುಕ್ಕೆ ಒತ್ತಿ ಕೊಟ್ಟುಬಿಟ್ಟ. ನಿನ್ನೆ ಹಳೆಯ ನಕ್ಷೆಗಳನ್ನು ಜೋಡಿಸುವಾಗ ನೋಡುತ್ತಾನೆ, ಆ ಒಗಟಿನ ನಕ್ಷೆಯಲ್ಲಿ ಕೊರೆದ ಗೆರೆಗಳಿಗೆಲ್ಲ ಕೆಂಪು ಗುರುತಿದೆ, ಕೊನೆಯ ತಿರುವಿಗೆ ಇಲ್ಲ. ಅದನ್ನು ಕೊರೆದೇ ಇರಲಿಲ್ಲ. ಐದು ತಿಂಗಳಿಂದ ಮೇಷ್ಟ್ರು ಇಲ್ಲದ ಬಾಗಿಲು ತಟ್ಟುತ್ತಿದ್ದರು.

ಟೀ ಆರಿತು. ನಕ್ಷೆ ಜೇಬಿಗಿಟ್ಟುಕೊಂಡು ಮೆಟ್ಟಿಲು ಹತ್ತಿದ.

"ಬಾಪ್ಪಾ. ನನಗೆ ಈ ಹಿತ್ತಾಳೆ ಸವತಿ ತಂದುಕೊಟ್ಟವನು ನೀನೇ ಅಲ್ವಾ," ಎಂದು ಮೇಷ್ಟ್ರ ಹೆಂಡತಿ ನಕ್ಕರು. ಮರುಗಳಿಗೆ ದನಿ ತಗ್ಗಿಸಿದರು. "ಪಾಠಕ್ಕೆ ಬರೋ ಹುಡುಗೀರನ್ನೂ ಬೇಡ ಅಂದ್ಬಿಟ್ರು ಕಣಪ್ಪ. ತಮ್ಮ ತಲೆ ಹೋಯ್ತಂತೆ."

ಮೇಷ್ಟ್ರು ಕೊಳವೆಯನ್ನು ಅವನತ್ತ ಚಾಚಿದರು. "ಮೊದಲು ನಿನ್ನ ಒಗಟು ವಾರದೊಳಗೆ ಬಿಡಿಸ್ತಿದ್ದೆ. ಈಗ ಬುದ್ಧಿಗೆ ತುಕ್ಕು ಹಿಡೀತು. ವಾಪಸ್ ತಗೊಂಡು ಹೋಗು."

"ಒಗಟಲ್ಲೇ ಏನಾದ್ರೂ ಐಬು ಇರಬಹುದು, ಮೇಷ್ಟ್ರೇ."

"ಚುಕ್ಕೆ ಇದೆಯಲ್ಲಯ್ಯ." ತಳವನ್ನು ಹೆಬ್ಬೆರಳಿನಿಂದ ಸವರಿದರು. "ನನ್ನ ಸಮಾಧಾನಕ್ಕಂತ ನಿನ್ನ ಕೆಲಸಕ್ಕೇ ಯಾಕೆ ಮಸಿ ಬಳೀತೀಯ?"

ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ. ನಕ್ಷೆ ಬಿಚ್ಚಿ ಮೇಜಿನ ಮೇಲಿಟ್ಟು, ಗುರುತಿಲ್ಲದ ಗೆರೆಯ ಮೇಲೆ ಬೆರಳೂರಿದ. ತಲೆ ಎತ್ತಲಿಲ್ಲ.

"ನಿಮ್ಮ ತಲೆ ಸರಿಯಾಗೇ ಇದೆ. ಇದಕ್ಕೆ ದಾರಿನೇ ಇಲ್ಲ. ಅವತ್ತು ನಾನು ಬಿಡಿಸದೇನೇ ಒತ್ತಿದ ಚುಕ್ಕೆ ಇದು."

ಮೇಷ್ಟ್ರು ನಕ್ಷೆಯ ಮೇಲೆ ಬಾಗಿದರು. ಅವರು ಮುಖ ಎತ್ತುವುದರೊಳಗೆ ಮೇಸ್ತ್ರಿ ಕೊಳವೆ ಎತ್ತಿಕೊಂಡು ಚಪ್ಪಲಿ ಮೆಟ್ಟಿದ್ದ.

"ಕೊರೆದು ತರ್ತೀನಿ," ಎಂದ ಬಾಗಿಲಿಗೆ ಮುಖ ಮಾಡಿ. "ಈ ಚುಕ್ಕೆ ಉಜ್ಜಿಬಿಡ್ತೀನಿ. ಹೊಸದನ್ನ ಮಾತ್ರ, ಬಿಡಿಸಿದ ಮೇಲೆ ನೀವೇ ಒತ್ತಬೇಕು," ಎನ್ನುತ್ತಲೇ ಮೆಟ್ಟಿಲಿಳಿದು ಹೋದ.