ಮೇಷ್ಟ್ರ ಎಡಗಿವಿ

ಹಾಡಿ ತೋರಿಸುವಾಗಲೂ ನಾವು ಹಾಡಿದ್ದನ್ನು ಕೇಳುವಾಗಲೂ ನಮ್ಮ ಸಂಗೀತದ ಮೇಷ್ಟ್ರು ಎಡ ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಕಿವಿಯ ಹಿಂದೆ ಒತ್ತಿ ಹಿಡಿಯುತ್ತಿದ್ದರು. ಪಾಠ ಮುಗಿಯುವಷ್ಟರಲ್ಲಿ ಆ ಕಿವಿ ಕೆಂಪೇರಿರುತ್ತಿತ್ತು. “ಹಾಡೋದು ಗಂಟಲಲ್ಲ, ಕಿವಿ. ಅದು ಹೇಳಿದ್ದನ್ನ ಗಂಟಲು ಮಾಡತ್ತೆ, ಅಷ್ಟೆ” ಎನ್ನುತ್ತಿದ್ದರು.

ಚಾಮರಾಜಪೇಟೆಯ ಅವರ ಮನೆಯಲ್ಲಿ ಮಂಗಳವಾರ, ಶುಕ್ರವಾರ ಸಂಜೆ ಐದಕ್ಕೆ ಪಾಠ. 1996ರ ನನ್ನ ಡೈರಿಯಲ್ಲಿ ಪ್ರತಿ ಪಾಠದ ತಾರೀಖಿನ ಕೆಳಗೆ ಎರಡು ಸಾಲು ಗೀಟುಗಳಿವೆ: ಮೇಷ್ಟ್ರು ನನ್ನನ್ನು ತಿದ್ದಿದ್ದು ಎಷ್ಟು ಸಲ, ಶಂಕರಪುರದಿಂದ ಬರುತ್ತಿದ್ದ ಹುಡುಗಿಯನ್ನು ಎಷ್ಟು ಸಲ. ನನ್ನ ಸಾಲು ಹಾಳೆಯ ಅಂಚು ಮುಟ್ಟುತ್ತಿತ್ತು. ಅವಳದ್ದು ಹೆಚ್ಚೆಂದರೆ ಎರಡು ಗೀಟು. ಅವಳು ಹಾಡುವಾಗ ಮೇಷ್ಟ್ರು ಕಿವಿಯಿಂದ ಕೈ ತೆಗೆದು ಕಣ್ಣು ಮುಚ್ಚುತ್ತಿದ್ದರು. ನಾನು ಹಾಡುವಾಗ ಒಂದು ದಿನವೂ ಆ ಕೈ ಕೆಳಗಿಳಿಯಲಿಲ್ಲ. ರಾಮನವಮಿಯ ಕಚೇರಿಯಲ್ಲಿ ತಮ್ಮ ಹಿಂದೆ ಕೂತು ಹಾಡಲು ಒಬ್ಬರನ್ನು ಆರಿಸುತ್ತಾರೆಂದು ತಿಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಆ ಶುಕ್ರವಾರ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ನನ್ನ ಪಕ್ಕದಲ್ಲಿತ್ತು. ಅವಳು ಹಾಡುತ್ತಿದ್ದಂತೆ ಅದರ ಗುಂಡಿಯನ್ನು ಕೂದಲೆಳೆಯಷ್ಟೇ ಏರಿಸುತ್ತಾ ಹೋದೆ. ಅವಳಿಗೆ ಗೊತ್ತೇ ಆಗಲಿಲ್ಲ. ದನಿ ತಾನಾಗಿ ಶ್ರುತಿಯ ಹಿಂದೆ ಹತ್ತಿತು. ಮೇಲಿನ ಷಡ್ಜಕ್ಕೆ ಹೋದಾಗ ಗಂಟಲು ಒಡೆಯಿತು. ಗಾಬರಿಯಾಗಿ ನೀರು ಕೇಳಿದಳು.

ಮೇಷ್ಟ್ರು ಪೆಟ್ಟಿಗೆಯನ್ನು ತಮ್ಮ ಕಡೆ ಎಳೆದುಕೊಂಡು ಗುಂಡಿಯನ್ನು ಮೊದಲಿನ ಜಾಗಕ್ಕೆ ತಂದರು. ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು.

“ಶ್ರುತಿ ಮೇಲೆ ಹೋಯ್ತು, ಅವಳೂ ಹೋದ್ಲು. ಅವಳ ಕಿವಿ ಅಷ್ಟು ಚೆನ್ನಾಗಿದೆ. ನೀನು ಹಾಡ್ತಾ ಇರುವಾಗ ನಿನ್ನ ಕಿವಿ ಎಲ್ಲಿರತ್ತೆ, ಹೇಳು?”

ಅವಳ ಗೀಟು ಎಣಿಸುವುದರಲ್ಲಿ ಎಂದು ಹೇಳಲಾಗಲಿಲ್ಲ. ರಾಮನವಮಿಗೆ ಅವಳೇ ಕೂತಳು. ನಾನು ಸಭೆಯಲ್ಲಿ ಕೂತು ತಪ್ಪು ಎಣಿಸಿದೆ. ಒಂದೂ ಸಿಗಲಿಲ್ಲ.

ಹತ್ತು ವರ್ಷದ ಮೇಲೆ ಮೇಷ್ಟ್ರ ಕಿವಿ ಮಂದವಾಯಿತು, ಮೊದಲು ಎಡಗಿವಿ, ಆಮೇಲೆ ಬಲಗಿವಿಯೂ. ದನಿ ಗಟ್ಟಿಯಾಗಿಯೇ ಇತ್ತು. ಹಾಡುತ್ತಾ ಹಾಡುತ್ತಾ ಅವರಿಗೆ ತಿಳಿಯದೆ ಶ್ರುತಿಯಿಂದ ಇಳಿದುಬಿಡುತ್ತಿತ್ತು. ಒಂದು ದಿನ ನನಗೆ ಹೇಳಿ ಕಳಿಸಿದರು. ದಿನಾ ಬೆಳಿಗ್ಗೆ ಎದುರಿಗೆ ಕೂರಬೇಕು, ದನಿ ಇಳಿದರೆ ಬೆರಳೆತ್ತಬೇಕು. ಶಂಕರಪುರದವಳನ್ನು ಕರೆಯಬಹುದಿತ್ತಲ್ಲ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವರು ನಕ್ಕರು.

“ನಾನು ಇಳಿದ್ರೆ ಅವಳೂ ನನ್ನ ಜೊತೆ ಇಳಿದ್ಬಿಡ್ತಾಳೆ. ಬೇರೆಯವರ ತಪ್ಪು ಹಿಡಿಯೋಕೆ ನಿನ್ನ ಬಿಟ್ರೆ ಯಾರಿದಾರೆ?”

ಹದಿನಾಲ್ಕು ತಿಂಗಳು ಹೋದೆ. ಬೆರಳೆತ್ತಿದ ಲೆಕ್ಕ ಡೈರಿಯಲ್ಲಿದೆ. ಹಾಡಿ ಮುಗಿಸಿದ ಮೇಲೆ ಪ್ರತಿದಿನ, ಅವಳು ಈಗ ಎಲ್ಲಿ ಹಾಡುತ್ತಿದ್ದಾಳೆ ಎಂದು ಕೇಳುತ್ತಿದ್ದರು. ನಾನು ಕೇಳಿಸಲಿಲ್ಲವೆಂಬಂತೆ ಪುಟ ತಿರುಗಿಸುತ್ತಿದ್ದೆ.

ಕೊನೆಯ ವಾರ ಬೆರಳು ಇಳಿಸಲು ಬಿಡುವೇ ಸಿಗಲಿಲ್ಲ. ಅವರು ಹಾಡು ನಿಲ್ಲಿಸಿ, ನನ್ನ ಬೆರಳು ಹಿಡಿದು ಕೆಳಗಿಟ್ಟು, ಈಗ ನೀನು ಹಾಡು ಎಂದರು. ಅಭ್ಯಾಸದಂತೆ ಅವರ ಎಡಗೈ ಕಿವಿಯ ಹಿಂದೆ ಹೋಯಿತು. ನಾನು ಹಾಡಿದೆ. ಎಣಿಸಲು ಬೇರೆ ಯಾರ ತಪ್ಪೂ ಇರಲಿಲ್ಲ. ಆ ಮನೆಯಲ್ಲಿ ಮೊದಲ ಸಲ ನನ್ನ ದನಿ ನನಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಕಿವಿಯಿಂದ ಕೈ ತೆಗೆದು ಕಣ್ಣು ಮುಚ್ಚಿದರು.

ಮುಂದಿನ ಸೋಮವಾರ ಅವರು ತೀರಿಕೊಂಡರು.

ಅವಳು ಹಾಡುವಾಗಲೂ ಅವರು ಹಾಗೇ ಕಣ್ಣು ಮುಚ್ಚುತ್ತಿದ್ದರು, ಆದರೆ ಆಗ ಅವರಿಗೆ ಕಿವಿ ಕೇಳುತ್ತಿತ್ತು. ಆ ಲೆಕ್ಕ ಇನ್ನೂ ಸಮವಾಗಿಲ್ಲ.