ಚಳಿಗಾಲದ ನೆಂಟರು ಮತ್ತು ನಮ್ಮ ನೀರುಗಂಟಿ

ಮೋಟಾರು ಸುಟ್ಟುಹೋಗಬಹುದಿತ್ತು. ಊರಿನ ಎರಡು ಬೋರ್‌ವೆಲ್ಲುಗಳಲ್ಲಿ ಒಂದರ ಮೋಟಾರು ಆಗಲೇ ಸುಟ್ಟು ರಿಪೇರಿಗೆ ಹೋಗಿತ್ತು, ಉಳಿದದ್ದು ಇನ್ನೊಂದೇ. ಟ್ರಾನ್ಸ್‌ಫಾರ್ಮರ್ ಢಮಾರ್ ಅನ್ನಬಹುದಿತ್ತು. ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಎರಡು ಬಸ್ಸು ಹೆಚ್ಚಾಗಿ ಬರಬಹುದಿತ್ತು. ಅಡುಗೆಯವರು ಕೈಕೊಡಬಹುದಿತ್ತು. ಫೆಬ್ರವರಿಯಲ್ಲಿ ನಮ್ಮ ಕಡೆ ಮಳೆ ಬರುವುದಿಲ್ಲ, ಆದರೆ ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಲೇಔಟಿನಲ್ಲಿ ತಿಂದು ಕೊಬ್ಬಿದ ಎಂಟು ನಾಯಿಗಳು ಒಟ್ಟಿಗೆ ಚಪ್ಪರಕ್ಕೆ ನುಗ್ಗಬಹುದಿತ್ತು. ಆ ಲೇಔಟಿನ ದಿಲ್ಲಿಯವರು ತಮ್ಮ ಪಾಲಿನ ನೀರು ಬಿಟ್ಟುಕೊಡುವುದಿಲ್ಲ ಅನ್ನಬಹುದಿತ್ತು; ಬಿಟ್ಟುಕೊಟ್ಟು ಆಮೇಲೆ ನನ್ನ ಕೆಲಸಕ್ಕೇ ಕುತ್ತು ತರಬಹುದಿತ್ತು. ಇಷ್ಟನ್ನೂ ಒಂದು ಹಾಳೆಯ ಮೇಲೆ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ನನ್ನ ಹೆಂಡತಿ ಅದನ್ನು ಓದಿ, "ಭೂಕಂಪ ಬಿಟ್ಬಿಟ್ಟಿದ್ದೀರಲ್ಲಾ" ಅಂದಳು. ಅದನ್ನೂ ಸೇರಿಸಿಕೊಂಡೆ.

ಇಷ್ಟಾಗಿ ಆ ಮದುವೆ ನನ್ನ ಮನೆಯದಲ್ಲ. ನಮ್ಮೂರ ನೀರುಗಂಟಿಯ ಮಗಳದು.

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ವಾಲ್ವು ತಿರುಗಿಸುವ ಕಬ್ಬಿಣದ ರಾಡನ್ನು, ಎದೆಯುದ್ದದ್ದು, ತಲೆಗೆ ಅಡ್ಡಹಿಡಿ ಇರುವಂಥದ್ದು, ಮೂವತ್ತು ವರ್ಷ ಅದೇ ಭುಜದ ಮೇಲೆ ಹೊತ್ತು ಹಾಗಾಗಿತ್ತು. ಅಂಗಿ ಹೊಲಿಯುವ ಟೈಲರ್ ಕೂಡ ಬಲಗಡೆ ಒಂದಿಷ್ಟು ಬಟ್ಟೆ ಒಳಮಡಿಚಿ ಹೊಲಿಯುತ್ತಿದ್ದ. ಪಂಚಾಯಿತಿಯ ಕಾಗದದಲ್ಲಿ ಅವರು ವಾಟರ್‌ಮ್ಯಾನ್; ಊರಿಗೆ ಮಾತ್ರ ನೀರುಗಂಟಿ. ನಾನು ಅಣ್ಣ ಅನ್ನುತ್ತಿದ್ದೆ. ಕಳೆದ ಆಷಾಢದಲ್ಲಿ ತೀರಿಕೊಂಡರು.

ನೀರು ಬಿಟ್ಟ ಮೇಲೆ ಬೇರೆಯವರಾದರೆ ಬೀಡಿ ಹಚ್ಚಿಕೊಂಡು ಕೂರುತ್ತಾರೆ. ಇವರು ರಾಡಿನ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಕೊಡುತ್ತಿದ್ದರು. ಕಣ್ಣು ಮುಚ್ಚಿ ಒಂದೆರಡು ನಿಮಿಷ ಕೇಳಿ, "ಮೂರನೇ ಮನೆಯೋರು ನಲ್ಲಿ ನಿಲ್ಸಿಲ್ಲ, ಹೋಗಿ ಹೇಳ್ ಬಾರೋ" ಎಂದು ದಾರಿಯಲ್ಲಿ ಹೋಗುವ ಯಾರಿಗಾದರೂ ಹೇಳುವರು. ಹೋಗಿ ನೋಡಿದರೆ ಮೂರನೇ ಮನೆಯ ಬಿಂದಿಗೆ ತುಂಬಿ ಬಚ್ಚಲಿಗೆ ಹರಿಯುತ್ತಿರುತ್ತಿತ್ತು. ನಾನೂ ಒಮ್ಮೆ ರಾಡಿಗೆ ಕಿವಿ ಇಟ್ಟು ನೋಡಿದ್ದೇನೆ. ನನಗೆ ಕೇಳಿಸಿದ್ದು ನನ್ನದೇ ಎದೆಬಡಿತ. ಅದೂ ಸ್ವಲ್ಪ ಜೋರಾಗಿದೆ ಅನ್ನಿಸಿ ಮಾರನೆಯ ದಿನ ಡಾಕ್ಟರ ಹತ್ತಿರ ಹೋಗಿದ್ದೆ.

ನಮ್ಮೂರು ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ ಇದೆ. ಐದು ಬೀದಿ, ಒಂದು ಓವರ್‌ಹೆಡ್ ಟ್ಯಾಂಕು. ಊರಾಚೆ ದ್ರಾಕ್ಷಿ ತೋಟವಿದ್ದ ಕಡೆ ಈಗ ನಲವತ್ತು ಮನೆಗಳ ಲೇಔಟ್ ಇದೆ. ಅದರ ಮ್ಯಾನೇಜರ್ ನಾನು. ಅರ್ಧ ಮನೆಗಳು ವರ್ಷದ ಎಂಟು ತಿಂಗಳು ಬೀಗ ಹಾಕಿರುತ್ತವೆ. ದೀಪಾವಳಿ ಮುಗಿದು ದಿಲ್ಲಿಯಲ್ಲಿ ಹೊಗೆ ಕವಿಯಲು ಶುರುವಾದರೆ ಅವುಗಳ ಯಜಮಾನರು ಬರುತ್ತಾರೆ. ಎಲ್ಲರೂ ನಿವೃತ್ತರು, ಹೆಚ್ಚಿನವರು ಗಂಡಹೆಂಡತಿ ಇಬ್ಬರೇ. ಶಿವರಾತ್ರಿ ಹೊತ್ತಿಗೆ ಹೊರಟುಬಿಡುತ್ತಾರೆ. ಡಿಸೆಂಬರಿನ ಬೆಳಿಗ್ಗೆ ನಮ್ಮೂರವರು ಮಂಕಿಕ್ಯಾಪು ಹಾಕಿಕೊಂಡು, ಮಫ್ಲರು ಸುತ್ತಿಕೊಂಡು, ಬಾಯಲ್ಲಿ ಹೊಗೆ ಬಿಡುತ್ತ ಡೈರಿಗೆ ಹಾಲು ಹಾಕಲು ನಿಂತಿದ್ದರೆ, ಅವರು ಅರ್ಧತೋಳಿನ ಅಂಗಿಯಲ್ಲಿ ವಾಕಿಂಗ್ ಬಂದು "ಎಂಥಾ ಬೆಚ್ಚಗಿದೆ!" ಎಂದು ಹಿಂದಿಯಲ್ಲಿ ಉದ್ಗರಿಸುತ್ತಾರೆ. ಡೈರಿ ಮುಂದೆ ಒಬ್ಬಾಕೆ ಕೇಳಿದ್ದಳು: "ಇವ್ರು ಎಂಥ ಊರಿಂದ ಬಂದವ್ರೆ ಸಾರ್? ಬೇಸಿಗೇಲಿ ಬಂದ್ರೆ ಬೆಂದೋಗ್ತಾರೆ."

ಅವರು ಬಂದರೆ ಊರು ಬದಲಾಗುತ್ತದೆ. ಅಂಗಡಿಯ ಫ್ರಿಜ್ಜು ಚಾಲೂ ಆಗಿ ಅದರಲ್ಲಿ ಪನೀರ್ ಕೂರುತ್ತದೆ. ರಾಗಿ ಕೊಯ್ದ ಹೊಲದ ಅಂಚಿನಲ್ಲಿ ಅವರಿಗೆಂದೇ ಸಾಸಿವೆ ಸೊಪ್ಪು ಬೆಳೆಯುತ್ತಾರೆ; ಬೆಳೆದವರು ಅದನ್ನು ತಿನ್ನುವುದಿಲ್ಲ. ಹದಿನೈದು ಹೆಂಗಸರಿಗೆ ಮನೆಗೆಲಸ ಸಿಗುತ್ತದೆ. ಬೀದಿನಾಯಿಗಳಿಗೆ ಹೆಸರು ಬರುತ್ತದೆ. ಮಾರ್ಚಿನಲ್ಲಿ ಫ್ರಿಜ್ಜು ಆರುತ್ತದೆ, ಹೆಂಗಸರು ಮತ್ತೆ ಸೋಂಪುರದ ಫ್ಯಾಕ್ಟರಿಗಳಲ್ಲಿ ಕೆಲಸ ಇದೆಯೇ ಎಂದು ವಿಚಾರಿಸುತ್ತಾರೆ, ನಾಯಿಗಳು ಬೀಗ ಹಾಕಿದ ಗೇಟುಗಳ ಮುಂದೆ ಒಂದು ವಾರ ಹೆಸರಿಗಾಗಿ ಕಾದು ಕೂತಿದ್ದು ಎದ್ದುಹೋಗುತ್ತವೆ. ನೀರಿನದೂ ಹಾಗೇ. ಚಳಿಗಾಲದಲ್ಲಿ ಅವರು ಬಳಸಿದ ನೀರು ಬೋರ್‌ವೆಲ್ಲಿನಲ್ಲಿ ಕಡಿಮೆಯಾದದ್ದು ನಮಗೆ ಗೊತ್ತಾಗುವುದು ಏಪ್ರಿಲ್‌ನಲ್ಲಿ. ಆಗ ಬೈಯೋಣವೆಂದರೆ ಅವರು ಇಲ್ಲಿರುವುದಿಲ್ಲ.

ಲೇಔಟಿನ ಸ್ವಂತ ಬೋರ್‌ವೆಲ್ ಬತ್ತಿದ್ದು ನಾನು ಮ್ಯಾನೇಜರ್ ಆದ ಎರಡನೇ ಚಳಿಗಾಲ. ಟ್ಯಾಂಕರ್ ಹೇಳಬೇಕೆಂದು ಫೋನು ಕೈಯಲ್ಲಿ ಹಿಡಿದುಕೊಂಡೇ ನೀರುಗಂಟಿಯನ್ನು ನೋಡಲು ಹೋದೆ. ಅವರು ವಾಲ್ವಿನ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು.

"ಎಷ್ಟ್ ದಿನ ಇರ್ತಾರೆ ಸಾರ್ ಅವ್ರು?"

"ಶಿವರಾತ್ರಿ ತನಕ ಅಣ್ಣ."

"ಅಂದ್ರೆ ನೆಂಟ್ರು."

ನಮ್ಮೂರಲ್ಲಿ ಒಂದು ಪದ್ಧತಿ ಇತ್ತು. ಬೀದಿಗೆ ದಿನ ಬಿಟ್ಟು ದಿನ ಒಂದು ಗಂಟೆ ನೀರು. ಯಾರ ಮನೆಗಾದರೂ ನೆಂಟರು ಬಂದರೆ, ನಾಮಕರಣವೋ ತಿಥಿಯೋ ಇದ್ದರೆ, ಆ ಮನೆಯವರು ನೀರುಗಂಟಿಗೆ ವೀಳ್ಯದೆಲೆ ಅಡಿಕೆ ಕೊಟ್ಟು ಹೇಳಬೇಕು. ಅವರು ಇನ್ನೊಂದು ಬೀದಿಯ ಸರದಿಯಿಂದ ಅರ್ಧ ಗಂಟೆ ತೆಗೆದು ಈ ಬೀದಿಗೆ ಕೊಡುವರು. ಇನ್ನೊಂದು ಬೀದಿ ಎಂದರೆ ಯಾವಾಗಲೂ ಅವರದೇ ಬೀದಿ, ಕೊನೆಯದು. ಬೇರೆ ಬೀದಿಯದು ತೆಗೆದರೆ ಜಗಳ. ತಮ್ಮದು ತೆಗೆದರೆ ಹೆಂಡತಿ ಒಬ್ಬಳ ಹತ್ತಿರ ಬೈಸಿಕೊಂಡರೆ ಮುಗಿಯಿತು ಅನ್ನುವುದು ಅವರ ಯೋಚನೆ. ನೆಂಟರು ಮೂರು ದಿನ ಇದ್ದು ಹೋಗುತ್ತಿದ್ದ ಕಾಲದ ಪದ್ಧತಿ ಅದು. ನಾಲ್ಕು ತಿಂಗಳು ಇರುವ ನೆಂಟರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪಂಚಾಯಿತಿ ಒಪ್ಪಿ ಲೇಔಟಿಗೆ ಒಂದು ಪೈಪು ಎಳೆಯಿತು; ನೀರು ಕೊನೆಯ ಬೀದಿಯ ಸರದಿಯಿಂದಲೇ. ಅಂದು ಗುಂಡಿಯ ಪಕ್ಕ ನೀರುಗಂಟಿ ನನ್ನ ಕೈಲಿದ್ದ ಫೋನು ನೋಡಿ ಹೇಳಿದ ಮಾತು ಇದು:

"ಟ್ಯಾಂಕರ್ ಗೀಂಕರ್ ಮಾತ್ರ ಕರೀಬೇಡಿ ಸಾರ್. ಪಕ್ಕದೂರಲ್ಲಿ ನೋಡಿಲ್ವಾ? ಒಂದ್ ಸಲ ಬಂತು. ಈಗ ಫೋನ್ ಮಾಡೋ ತಾಕತ್ತಿರೋನ್ಗೆ ನೀರು, ಇಲ್ದೋನ್ಗೆ ಇಲ್ಲ. ಅಲ್ಲಿ ನೀರುಗಂಟಿ ಗೇಟ್ ಕಾಯೋಕೆ ಹೋದ. ನನ್ ಭುಜದ್ ಮೇಲೆ ಈ ರಾಡ್ ಇರೋಗಂಟ ನಮ್ಮೂರೊಳಕ್ಕೆ ಟ್ಯಾಂಕರ್ ಬರ್ಬಾರ್ದು."

ಬರಲಿಲ್ಲ. ನಾಲ್ಕು ಬೇಸಿಗೆ ಕಳೆದವು. ಅವರ ಬೀದಿಯವರು ಗೊಣಗುತ್ತಲೇ ತಡೆದುಕೊಂಡರು.

ದಿಲ್ಲಿಯವರಲ್ಲಿ ಒಬ್ಬರು ನಿವೃತ್ತ ಟೀಚರಮ್ಮ. ಗಂಡ ಇಲ್ಲ, ಗುಲಾಬಿ ಗಿಡ ಇಪ್ಪತ್ತು. ದಿನಾ ಬೆಳಿಗ್ಗೆ ಹಸಿರು ಪೈಪು ಹಿಡಿದು ಗಿಡ, ಅಂಗಳ, ಗೇಟು, ಆಮೇಲೆ ರಸ್ತೆಯನ್ನೂ ತೊಳೆಯುತ್ತಿದ್ದರು. ನಾನು ಅವರಿಗೆ ಹೇಳಬೇಕೆಂದು ಹದಿನೈದು ದಿನ ಹಿಂದಿ ವಾಕ್ಯ ಹೊಂದಿಸಿದೆ. ಪ್ರತಿ ಸಲವೂ ಕ್ರಿಯಾಪದಕ್ಕೆ ಬರುವಷ್ಟರಲ್ಲಿ ಧೈರ್ಯ ಮುಗಿಯುತ್ತಿತ್ತು. ನೀರುಗಂಟಿಗೆ ದೂರು ಹೇಳಿದೆ. ಅವರು ಮಾರನೆಯ ದಿನ ಟೀಚರಮ್ಮನ ಗೇಟಿನ ಹತ್ತಿರ ನಿಂತು, "ಅಮ್ಮಾ, ಕಾಫಿ. ನಮ್ ಮನೆ. ಬನ್ನಿ" ಎಂದು ಕೈಸನ್ನೆ ಮಾಡಿದರು. ಆಕೆ ಬಂದರು. ನಾನೂ ಜೊತೆಗೆ ಹೋದೆ, ಏನು ಅನಾಹುತವಾಗುತ್ತದೋ ನೋಡಲು.

ಅನಾಹುತವೇನೂ ಆಗಲಿಲ್ಲ. ಕಾಫಿ ಬಂತು. ಅದಕ್ಕೂ ಮುಂಚೆ ನೀರುಗಂಟಿಯ ಹೆಂಡತಿ ಡ್ರಮ್ಮಿನೊಳಗೆ ಸೊಂಟದವರೆಗೂ ಬಗ್ಗಿ, ತಳದಲ್ಲಿದ್ದ ನೀರನ್ನು ಚೊಂಬಿನಲ್ಲಿ ಗೋರಿ, ಬಟ್ಟೆಯಲ್ಲಿ ಸೋಸಿ, ಒಲೆಯ ಮೇಲಿಟ್ಟರು. ಟೀಚರಮ್ಮ ಅದನ್ನೇ ನೋಡುತ್ತಿದ್ದರು. ಮಾರನೆಯ ದಿನ ಹಸಿರು ಪೈಪು ಸುರುಳಿಯಾಗಿ ಗ್ಯಾರೇಜಿನ ಮೊಳೆಗೆ ನೇತುಬಿದ್ದಿತ್ತು. ಆಕೆ ಮಗ್ಗಿನಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು.

"ಹೆಂಗಣ್ಣ ಒಪ್ಪಿಸಿದ್ರಿ?" ಅಂದೆ.

"ನಾನೇನ್ ಒಪ್ಸಿದೆ? ಕಾಫಿ ಕೊಟ್ಟೆ" ಅಂದರು.

ಮಗಳ ಮದುವೆ ಮಾಘದಲ್ಲಿ ಎಂದು ನಿಶ್ಚಯವಾಯಿತು. ದೇವನಹಳ್ಳಿಯಲ್ಲಿ ಛತ್ರ ನೋಡೋಣವೆಂದು ನಾನೇ ಹೇಳಿದೆ. "ಅಲ್ಲಿಗೆ ಟ್ಯಾಂಕರ್ ನೀರು ಸಾರ್. ನನ್ ಮಗಳ ಮದ್ವೇಲಿ ನಾನು ಅದರಲ್ಲಿ ಕೈ ತೊಳೀಲಾ?" ಎಂದು ತಳ್ಳಿಹಾಕಿ, ತಮ್ಮ ಬೀದಿಯಲ್ಲೇ ಚಪ್ಪರ ಹಾಕಿಸಿದರು. ಹದಿನೈದು ದಿನ ಮುಂಚೆ ಒಂದು ಬೋರ್‌ವೆಲ್ಲಿನ ಮೋಟಾರು ಸುಟ್ಟಿತು. ಊರಿಗೆ ಬರುತ್ತಿದ್ದ ನೀರು ಅರ್ಧಕ್ಕೆ ಇಳಿಯಿತು.

ಪದ್ಧತಿ ಪ್ರಕಾರ ಮದುವೆ ಮನೆಯವರು ನೀರುಗಂಟಿಗೆ ವೀಳ್ಯ ಕೊಡಬೇಕು. ಇಲ್ಲಿ ಯಾರು ಯಾರಿಗೆ ಕೊಡುವುದು? ಅವರ ಹೆಂಡತಿ ಮುಖ ಊದಿಸಿಕೊಂಡು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಗೋಡೆಗೆ ಒರಗಿಸಿದ್ದ ರಾಡಿನ ಮುಂದೆ ಇಟ್ಟರು.

"ನೋಡಪ್ಪಾ, ನೀನಾದ್ರೂ ನಮ್ ಬೀದಿಗೊಂದ್ ಗಂಟೆ ಹೆಚ್ಗೆ ತಿರುಗು. ನಿನ್ನ ಹೊತ್ಕೊಂಡು ತಿರುಗೋ ಮನುಷ್ಯಂಗೆ ಹೇಳಿ ಹೇಳಿ ನನ್ ಗಂಟ್ಲು ಬಿದ್ದೋಯ್ತು."

ನೀರುಗಂಟಿ ನಕ್ಕರು. ತಿರುಗಿಸಲಿಲ್ಲ. "ಇಷ್ಟ್ ವರ್ಷ ಊರೋರ್ಗೆಲ್ಲ ನ್ಯಾಯ ಹೇಳ್ಬಿಟ್ಟು, ಈಗ ನನ್ ಮನೇಗೆ ನಾನೇ ಬಿಟ್ಕೊಂಡ್ರೆ ನಾಳೆ ಯಾರ್ ಕೇಳ್ತಾರೆ ಸಾರ್ ನನ್ ಮಾತ?" ಅಂದರು. ನಾನೂರು ಜನರ ಊಟಕ್ಕೆ ನೀರೆಲ್ಲಿಂದ ಎಂದು ಕೇಳಿದ್ದಕ್ಕೆ, "ಆಯ್ತದೆ" ಅಂದರು. ನನ್ನ ಜನ್ಮದಲ್ಲಿ ನಾನು ನಂಬದೇ ಇರುವ ಮಾತು ಅದೊಂದೇ.

ಹಾಗಾಗಿ ನಾನೇ ಲೇಔಟಿನವರನ್ನು ಪಾರ್ಕಿನಲ್ಲಿ ಸೇರಿಸಿದೆ. ಹಾಳೆ ಹಿಡಿದುಕೊಂಡು ಎದ್ದುನಿಂತು, ಹಿಂದಿಯಲ್ಲಿ, ನಿಮ್ಮ ಎರಡು ಸರದಿ ಬಿಟ್ಟುಕೊಡಬೇಕು ಅನ್ನಬೇಕಾದದ್ದನ್ನು ಬೆವರು ಒರೆಸಿಕೊಳ್ಳುತ್ತ ಹೇಳಿದೆ. ಟೀಚರಮ್ಮ ಎದ್ದರು.

"ಮ್ಯಾನೇಜರ್ ಸಾಬ್, ಇಷ್ಟು ಹೇಳೋದಕ್ಕೆ ಇಷ್ಟೊಂದು ಬೆವರಾ? ದಿಲ್ಲಿಯಲ್ಲಿ ನಮ್ಮ ಗಲ್ಲಿಯಲ್ಲಿ ಬಕೆಟ್ ಸಾಲಿಗೆ ಇಟ್ಟು ಬೆಳೆದವಳು ನಾನು. ಎರಡಲ್ಲ, ನಾಲ್ಕು ಸರದಿ ಬಿಡ್ತೀವಿ. ಆದರೆ ನಮ್ಮನ್ನ ಮದುವೆಗೆ ಕರೆದಿದ್ದಾರೋ ಇಲ್ಲವೋ?"

ಕರೆದಿದ್ದರು. ಎಲ್ಲ ಮನೆಗೂ ನೀರುಗಂಟಿ ಮತ್ತು ಅವರ ಹೆಂಡತಿ ಇಬ್ಬರೂ ಬಂದು ಕುಂಕುಮವಿಟ್ಟು ಪತ್ರಿಕೆ ಕೊಟ್ಟಿದ್ದರು. ನಾಲ್ಕು ಸರದಿಯ ನೀರು ಕೊನೆಯ ಬೀದಿಗೆ ಹರಿಯಿತು. ನೀರುಗಂಟಿ ಅದನ್ನೂ ಮೊದಲು ಪಂಚಾಯಿತಿಯಲ್ಲಿ ಹೇಳಿ, ಒಪ್ಪಿಸಿ, ಆಮೇಲೆಯೇ ವಾಲ್ವು ತಿರುಗಿಸಿದರು. ಮದುವೆಯ ದಿನ ಬೆಳಿಗ್ಗೆ ಆ ಬೀದಿಯಲ್ಲಿ ಡ್ರಮ್ಮು, ಕೊಳಗ, ಹಂಡೆ, ಕಡೆಗೆ ಮಗುವಿಗೆ ಸ್ನಾನ ಮಾಡಿಸುವ ಟಬ್ಬೂ ತುಂಬಿ ತುಳುಕುತ್ತಿತ್ತು. ಉಳಿದಿದ್ದ ಮೋಟಾರು ಸುಡಲಿಲ್ಲ. ಮಳೆ ಬರಲಿಲ್ಲ. ಬಸ್ಸು ಹೇಳಿದಷ್ಟೇ ಬಂದವು. ನಾಯಿಗಳು ಟೀಚರಮ್ಮನ ರೇಷ್ಮೆ ಸೀರೆಯ ಹಿಂದೆ ಶಿಸ್ತಾಗಿ ಕೂತಿದ್ದವು. ಭೂಕಂಪವೂ ಆಗಲಿಲ್ಲ.

ಆದದ್ದು ಒಂದೇ. ಅದು ನನ್ನ ಹಾಳೆಯಲ್ಲಿ ಇರಲಿಲ್ಲ.

ಹಿಂದಿನ ದಿನ ಸಂಜೆ, ಎಲ್ಲ ತುಂಬಿದ್ದನ್ನು ಕಣ್ಣಾರೆ ನೋಡಿದ ಮೇಲೂ, ನನಗೆ ಸಮಾಧಾನವಾಗಿರಲಿಲ್ಲ. ಯಾರಿಗೂ ಹೇಳದೆ ದೇವನಹಳ್ಳಿಯ ಒಬ್ಬನಿಗೆ ಫೋನ್ ಮಾಡಿ, ಬೆಳಿಗ್ಗೆ ಒಂದು ಟ್ಯಾಂಕರ್ ತಂದು ಮೇನ್ ರೋಡಿನಲ್ಲಿ ನಿಲ್ಲಿಸಿಕೊಂಡಿರು, ನಾನು ಕರೆದರೆ ಮಾತ್ರ ಒಳಗೆ ಬಾ ಎಂದಿದ್ದೆ. ಅವನು ಬಂದ, ನಿಂತ, ಕಾದ. ಬಿಸಿಲೇರಿತು. ನನಗೆ ಫೋನ್ ಮಾಡಿದ್ದಾನೆ. ವಾಲಗದ ಸದ್ದಿನಲ್ಲಿ ನನಗೆ ಕೇಳಿಸಿಲ್ಲ. ದಾರಿಯಲ್ಲಿ ಹೋಗುವವರನ್ನು ಮದುವೆ ಮನೆ ಎಲ್ಲಿ ಎಂದು ಕೇಳಿದ್ದಾನೆ. ನಮ್ಮೂರವರು ಮರ್ಯಾದಸ್ಥರು, ಮುಂದೆ ನಡೆದು ದಾರಿ ತೋರಿಸಿಕೊಂಡು ಬಂದಿದ್ದಾರೆ.

ಧಾರೆ ಮುಗಿದು ಬೀಗರಿಗೆ ಎಲೆ ಹಾಕುವ ಹೊತ್ತಿಗೆ ಟ್ಯಾಂಕರ್ ಕೀಕ್ ಕೀಕ್ ಎನ್ನುತ್ತ ಹಿಂದುಹಿಂದಾಗಿ ಬೀದಿಯೊಳಕ್ಕೆ ಬಂದು ಚಪ್ಪರದ ಬಾಯಿಗೆ ಸರಿಯಾಗಿ ನಿಂತಿತು. ಗಂಡಿನ ದೊಡ್ಡಪ್ಪ ಮೆಚ್ಚಿಕೊಂಡು, "ಪರವಾಗಿಲ್ಲ ಬೀಗ್ರೇ, ನೀರ್ಗೆ ಭರ್ಜರಿ ವ್ಯವಸ್ಥೆ ಮಾಡಿದ್ದೀರ" ಅಂದರು.

ನೀರುಗಂಟಿ ಟ್ಯಾಂಕರನ್ನು ನೋಡಿದರು. ಆಮೇಲೆ ನಾನೂರು ಜನರ ನಡುವೆ ನನ್ನೊಬ್ಬನನ್ನು ನೋಡಿದರು. ಹುಡುಕುವ ಅಗತ್ಯ ಅವರಿಗೆ ಬೀಳಲಿಲ್ಲ. ಡ್ರೈವರನ ಹತ್ತಿರ ಹೋಗಿ, "ಬಂದಿದ್ದೀಯ, ಊಟ ಮಾಡ್ಕೊಂಡ್ ಹೋಗಪ್ಪಾ" ಅಂದರು. ಅವನು ಉಂಡ. ಒಂದು ಹನಿ ಇಳಿಸದೆ ತುಂಬಿದ ಗಾಡಿಯನ್ನು ವಾಪಸ್ ತೆಗೆದುಕೊಂಡು ಹೋದ. ಅಷ್ಟು ಹೊತ್ತೂ ಅದರ ಬೆನ್ನು ಬೀದಿಗೆ ಮುಖ ಮಾಡಿತ್ತು, ಬೆನ್ನಿನ ಮೇಲೆ ಮಾರುದ್ದದ ಅಕ್ಷರಗಳಲ್ಲಿ ಫೋನ್ ನಂಬರ್ ಇತ್ತು. ಕೈ ತೊಳೆಯಲು ಸಾಲುಗಟ್ಟಿದವರಿಗೆ ಓದಲು ಬೇರೇನೂ ಇರಲಿಲ್ಲ.

ಅವರು ನನ್ನನ್ನು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಶಿವರಾತ್ರಿಗೆ ದಿಲ್ಲಿಯವರು ಹೊರಟರು. ಏಪ್ರಿಲ್‌ನಲ್ಲಿ ಟ್ಯಾಂಕು ತಳ ಕಂಡಾಗ ಕೊನೆಯ ಬೀದಿಯ ಮೊದಲ ಮನೆಯವರು ಆ ನಂಬರಿಗೆ ಫೋನ್ ಮಾಡಿದರು. ಇಷ್ಟು ವರ್ಷ ತಡೆದುಕೊಂಡಿದ್ದವರು, ಅವರನ್ನು ಅನ್ನುವಂತಿಲ್ಲ. ಆಮೇಲೆ ಮೂರನೇ ಮನೆ. ಆಮೇಲೆ ಎರಡನೇ ಬೀದಿ.

ಒಂದು ಬೆಳಿಗ್ಗೆ ಮಾತಾಡಿಬಿಡೋಣವೆಂದು ನಿರ್ಧಾರ ಮಾಡಿ ಹೋದೆ. ಅವರು ಗುಂಡಿಯ ಪಕ್ಕ ರಾಡಿಗೆ ಕಿವಿ ಕೊಟ್ಟು ಕೂತಿದ್ದರು. ಫೋನಿಲ್ಲದ ನಾಲ್ಕು ಮನೆಗಳಿಗೆ ಸಣ್ಣಗೆ ನೀರು ಹೋಗುತ್ತಿತ್ತಂತೆ. ಅಣ್ಣ ಅನ್ನುವಷ್ಟರಲ್ಲಿ ಹಿಂದಿನಿಂದ ಟ್ಯಾಂಕರಿನ ಹಾರ್ನ್ ಕೇಳಿಸಿತು. ಅವರು ಕಣ್ಣು ಬಿಟ್ಟು, ರಸ್ತೆಗೆ ಅಡ್ಡವಾಗಿದ್ದ ರಾಡನ್ನು ತಮ್ಮ ಕಡೆಗೆ ಎಳೆದುಕೊಂಡು, ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಸರಿಸಿದರು.

"ಜಾಗ ಬಿಡಿ ಸಾರ್, ಗಾಡಿ ಬರ್ತಾ ಐತೆ."