‘ಬಹುಶಃ’ ಇಲ್ಲದ ಸಾಕ್ಷ್ಯ

ಸೊರಬದ ವಕೀಲರು ನನ್ನ ಸಾಕ್ಷ್ಯದ ಕರಡನ್ನು ಓದಲು ಕೊಟ್ಟಾಗ ನಾನು ಮೊದಲು ಮಾಡಿದ ಕೆಲಸ ಜೇಬಿನಿಂದ ಪೆನ್ನು ತೆಗೆದದ್ದು. ಸಂದು ಸಿಕ್ಕ ಕಡೆಯಲ್ಲೆಲ್ಲ ‘ಬಹುಶಃ’ ಎಂದು ಸೇರಿಸಿ ವಾಪಸು ಕೊಟ್ಟೆ. ಮೇಡಂ ಕನ್ನಡಕ ಏರಿಸಿಕೊಂಡು ಓದಿದರು.

“ಏನ್ ಸರ್ ಇದು? ಬಹುಶಃ ಚಿಕ್ಕವನಿದ್ದಾಗ ರಜೆಗೆ ಅತ್ತೆ ಊರಿಗೆ ಹೋಗ್ತಿದ್ದೆ ಅಂತ ಬರ್ದಿದೀರಿ. ಹೋಗ್ತಿದ್ರೋ ಇಲ್ವೋ?”

“ಹೋಗ್ತಿದ್ದೆ.”

“ಇವರು ನಿಮ್ಮ ಅತ್ತೇನೇ ತಾನೆ? ಅದ್ರಲ್ಲಿ ಬಹುಶಃ ಏನಿಲ್ವಲ್ಲ?”

ಪಕ್ಕದ ಕುರ್ಚಿಯಲ್ಲಿದ್ದ ನನ್ನ ಸೋದರತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುವ ಸ್ಥಿತಿಯೇನೂ ಅವಳದಾಗಿರಲಿಲ್ಲ. ಉಳವಿಯ ಕಡೆಗಿರುವ ಅವಳ ಗದ್ದೆಗೆ ಪಕ್ಕದವರ ಜಮೀನು ದಾಟಿಯೇ ಹೋಗಬೇಕು. ಆ ಜಮೀನು ಕೊಂಡ ಹೊಸಬರು ಬೇಲಿ ಹಾಕಿ, ಒಬ್ಬರು ನಡೆಯುವಷ್ಟು ಸಂದು ಬಿಟ್ಟರು. ಇಲ್ಲಿ ಇದ್ದದ್ದು ಕಾಲುದಾರಿ ಮಾತ್ರ, ಬಂಡಿದಾರಿ ಎಂದೂ ಇರಲಿಲ್ಲ ಎನ್ನುವುದು ಅವರ ವಾದ. ಟ್ರ್ಯಾಕ್ಟರ್ ಒಳಗೆ ಹೋಗದೆ ಕಳೆದ ಸುಗ್ಗಿಯಲ್ಲಿ ಭತ್ತ ತಲೆಹೊರೆಯಲ್ಲಿ ಬಂತು. ಹೊರಲು ಜನ ಸಿಗುವುದಿಲ್ಲ. ದಾರಿ ಸಿಗದಿದ್ದರೆ ಗದ್ದೆಯನ್ನು ಬೇಲಿ ಹಾಕಿದವರಿಗೇ ಕೊಟ್ಟುಬಿಡಬೇಕಾದೀತೆಂದು ಅತ್ತೆಗೆ ಭಯ. ಹಿಂದೆ ಅಲ್ಲಿ ಗಾಡಿ ಓಡಿಸಿದವರು ಒಬ್ಬರೂ ಉಳಿದಿರಲಿಲ್ಲ. ಹಾಗಾಗಿ ಸಾಕ್ಷಿ ನಾನಾದೆ.

ಶಿಕಾರಿಪುರದಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಬಂದಳಿಕೆಯ ಶಾಸನಗಳನ್ನು ನೋಡಲು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ, ಕಲ್ಲಿನಲ್ಲಿ ಕೆತ್ತಿದೆ ಎಂದ ಮಾತ್ರಕ್ಕೆ ನಂಬಬೇಡಿ, ಯಾರು ಕೆತ್ತಿಸಿದರು, ಯಾಕೆ ಕೆತ್ತಿಸಿದರು ಎಂದು ಕೇಳಿ ಎನ್ನುತ್ತೇನೆ. ಈಗ ಆ ಕಲ್ಲಿನ ಜಾಗದಲ್ಲಿ ನನ್ನನ್ನೇ ನಿಲ್ಲಿಸಿದ್ದರು.

ಕರಡಿನಲ್ಲಿ ನನ್ನನ್ನು ಕಾಡಿದ್ದು ಒಂದು ವಾಕ್ಯ: ‘ಸದರಿ ದಾರಿಯಲ್ಲಿ ನಾನು ಭತ್ತದ ಹೊರೆಗಳ ಮೇಲೆ ಕುಳಿತು ಎತ್ತಿನ ಗಾಡಿಯಲ್ಲಿ ಪ್ರಯಾಣಿಸಿರುತ್ತೇನೆ.’ ಹೇಳಿದವನು ನಾನೇ. ಆದರೆ ಅದನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಹೊರೆಗಳ ಮೇಲೆ ಬಾಯಿ ತೆರೆದು ಮಲಗಿರುವ, ನೀಲಿ ಅಂಗಿಯ ಒಂದು ಮಗು. ನಿದ್ದೆ ಹೋದ ಮಗು ತನ್ನನ್ನು ತಾನೇ ಹೊರಗಿನಿಂದ ನೋಡಿದ್ದು ಹೇಗೆ? ಹಬ್ಬಕ್ಕೆ ಮನೆಮಂದಿ ಸೇರಿದಾಗಲೆಲ್ಲ ಅತ್ತೆ ಆ ಕಥೆ ಹೇಳುತ್ತಿದ್ದಳು. ನನ್ನ ತಲೆಯೊಳಗಿದ್ದದ್ದು ನಾನು ಕಂಡ ಗಾಡಿಯೋ ಅವಳು ಹೇಳಿದ ಗಾಡಿಯೋ, ಬಿಡಿಸಿ ನೋಡಲು ಹೋದಷ್ಟೂ ಗೋಜಲಾಯಿತು.

ಫೋನಿನಲ್ಲಿ ಉಪಗ್ರಹ ನಕ್ಷೆ ತೆರೆದು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಬರೀ ಹಸಿರು. ಒಂದು ಭಾನುವಾರ ಅಲ್ಲಿಗೇ ಹೋಗಿ ಬೇಲಿಯ ಹೊರಗೆ ನಿಂತು ಬಂದೆ. ಸಾಲದೆಂದು, ಶಿಕಾರಿಪುರದಲ್ಲಿ ಚಹಾದ ಅಂಗಡಿಯಲ್ಲಿ ಸಿಗುವ ಇನ್ನೊಬ್ಬ ವಕೀಲರನ್ನು ಕೇಳಿದೆ.

“ನೋಡ್ರೀ ಸರ, ಗಾಡಿ ಮ್ಯಾಲೆ ಕುಂತಿದ್ದೆ ಅಂತ ಎದಿ ತಟ್ಟಿ ಹೇಳ್ರಿ,” ಎಂದರು ಅವರು. “ನಿಮ್ಮ ತಲಿಯೊಳಗ ಏನೈತಿ ಅಂತ ಆ ಕಡೆ ವಕೀಲ ಇಣುಕಿ ನೋಡ್ತಾನೇನು?”

ಇದನ್ನೂ ಹೊತ್ತುಕೊಂಡು ಮತ್ತೆ ಸೊರಬದ ಬಸ್ಸು ಹತ್ತಿದೆ. ನಮ್ಮ ವಕೀಲರು ಸಿಟ್ಟಾಗಲಿಲ್ಲ.

“ಡಾಕ್ಟ್ರ ಹತ್ರ ಹೋದ್ರೂ ಹೀಗೇನಾ ನೀವು?”

“ಹೀಗೇ,” ಎಂದಳು ಅತ್ತೆ. “ಮಾತ್ರೆ ಜೊತೆ ಬರೋ ಚೀಟಿ ಪೂರ್ತಿ ಓದಿ, ಆಮೇಲೆ ಮಾತ್ರೆ ಬಿಸಾಕ್ತಾನೆ.”

“ಸರ್, ನೋಡಿದ್ದು ಯಾವುದು, ಕೇಳಿದ್ದು ಯಾವುದು, ಅಷ್ಟು ಬೇರೆ ಮಾಡಿ ಹೇಳಿ. ಉಳಿದಿದ್ದು ನನ್ನ ಕೆಲಸ.”

ಹಬ್ಬದ ಕಥೆಗಳಲ್ಲಿ ಕೇಳಿದ್ದನ್ನೆಲ್ಲ ಒಂದೊಂದಾಗಿ ಬದಿಗಿಟ್ಟೆ. ಆಮೇಲೆ ಹೇಳಿದೆ: ಮಳೆ ಬಿಟ್ಟ ಮೇಲೆ ಆ ದಾರಿಯಲ್ಲಿ ಕೆಂಪು ನೀರು ಎರಡು ಸಾಲಾಗಿ ನಿಲ್ಲುತ್ತಿತ್ತು, ನಡುವೆ ಹುಲ್ಲು. ಒಂದು ಸಾಲಿನಲ್ಲಿ ಅತ್ತೆಯ ಮಗ, ಇನ್ನೊಂದರಲ್ಲಿ ನಾನು, ನೀರು ಹಾರಿಸುತ್ತ ಓಡುತ್ತಿದ್ದೆವು. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹೇಳುವಂಥ ಕಥೆಯೂ ಅದಲ್ಲ.

ಅವರು ಗಾಡಿಯ ವಾಕ್ಯಕ್ಕೆ ಅಡ್ಡಗೆರೆ ಎಳೆದು, ಅಲ್ಲಿ ನೀರಿನ ಸಾಲನ್ನು ಬರೆದರು. ನನ್ನ ‘ಬಹುಶಃ’ಗಳನ್ನೂ ಹೊಡೆದು ಹಾಕಿದರು.

ಅತ್ತೆಯ ಮುಖ ಬಾಡಿತು. “ಗಾಡೀದೇ ತೆಗೆದ್ರೆ ಇನ್ನು ಎಂತ ಉಳೀತು ಮೇಡಂ?”

“ಗಾಡಿ ಚಕ್ರದ ಜಾಡು ಉಳೀತಲ್ಲ ಅಮ್ಮ. ಯಾರಾದ್ರೂ ಒತ್ತಿ ಕೇಳಿದ್ರೆ ಇವರು ಅದರ ಮೇಲೆ ಗಟ್ಟಿ ನಿಲ್ತಾರೆ. ಸರ್, ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಿ. ಕೇಳಿದ್ದಕ್ಕಿಂತ ಒಂದು ಮಾತೂ ಜಾಸ್ತಿ ಬೇಡ.”

ಅವರು ತಪ್ಪು ಮಾಡುತ್ತಿದ್ದಾರೆ ಎಂದೇ ನನಗೆ ಅನ್ನಿಸಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವರಿಗೆ ಉದ್ದನೆಯ ಮೆಸೇಜು ಟೈಪು ಮಾಡಿದೆ, ಶಿರಾಳಕೊಪ್ಪ ದಾಟುವ ಹೊತ್ತಿಗೆ ಅಳಿಸಿದೆ.

ಪಾಟೀಸವಾಲಿನ ದಿನ ಎದುರು ಪಕ್ಷದ ವಕೀಲರು ನಗುನಗುತ್ತಲೇ ಎದ್ದರು.

“ಪಾಠ ಮಾಡೋರು ನೀವು. ನೆನಪಿನ ಶಕ್ತಿ ಚೆನ್ನಾಗಿರ್ಬೇಕಲ್ವಾ?”

“ಹೇಳೋದು ಕಷ್ಟ.”

“ಆ ದಾರೀಲಿ ನೀವು ಗಾಡಿ ಹತ್ತಿ ಹೋಗಿದ್ದು ನೆನಪಿದೆಯಾ?”

ಹಿಂದಿನ ಬೆಂಚಿನಲ್ಲಿ ಅತ್ತೆ ಮುಂದಕ್ಕೆ ಬಾಗಿದ್ದು ಕಂಡಿತು. ಹೌದು ಎನ್ನಲು ಒಂದು ಕ್ಷಣ ಸಾಕಿತ್ತು.

“ನೆನಪಿಲ್ಲ.”

“ಹಾಗಿದ್ರೆ ಅದು ಬರೀ ಕಾಲುದಾರಿ ಅಂದ್ರೆ ಒಪ್ತೀರಿ.”

“ಒಪ್ಪಲ್ಲ. ಕಾಲುದಾರೀಲಿ ನೀರು ಎರಡು ಸಾಲಾಗಿ ನಿಲ್ಲಲ್ಲ.”

ಟೈಪಿಸ್ಟ್ ಅದನ್ನು ಟೈಪು ಮಾಡಿಕೊಂಡರು. ಸಾಲುಗಳ ಅಗಲ, ಹುಲ್ಲಿನ ಎತ್ತರ, ನೆನಪಿನ ಮಿತಿಗಳು, ಎಲ್ಲವನ್ನೂ ವಿವರಿಸಲು ನನ್ನ ನಾಲಿಗೆ ತುರಿಸುತ್ತಿತ್ತು. ನಮ್ಮ ವಕೀಲರು ತಲೆ ಎತ್ತದೆ ಫೈಲು ನೋಡುತ್ತ ಕುಳಿತಿದ್ದರು. ಬಾಯಿ ಮುಚ್ಚಿಕೊಂಡೆ.

ಹೊರಗೆ ಬಂದಾಗ ಅವರು “ಸಾಕು ಸರ್” ಎಂದಷ್ಟೇ ಹೇಳಿ, ಇನ್ನೊಂದು ಕೇಸಿಗೆ ಒಳಗೆ ಹೋದರು.

ಬಸ್ ನಿಲ್ದಾಣದ ದಾರಿಯಲ್ಲಿ ಅತ್ತೆ ನನಗಿಂತ ಎರಡು ಹೆಜ್ಜೆ ಮುಂದೆ ನಡೆದಳು. ಆಮೇಲೆ, “ನನ್ನ ತೊಡೆ ಮೇಲೇ ಮಲಗಿದ್ದೆ ಕಣೋ. ನೆನಪಿಲ್ಲ ಅಂದ್ಬಿಟ್ಯಲ್ಲ,” ಎಂದಳು.

ಅವಳು ಹಾಗೆನ್ನುತ್ತಿದ್ದಂತೆ ಗಾಡಿ ಹಿಂದೆಂದಿಗಿಂತ ಸ್ಪಷ್ಟವಾಗಿ ಕಂಡಿತು. ಒಣಹುಲ್ಲಿನ ವಾಸನೆಯೂ ಬಂದಂತಾಯಿತು. ಅದು ಬಂದದ್ದು ಎಲ್ಲಿಂದ ಎಂದು ಹೇಳಲಾರೆ.

“ಮೇಡಂ ಎಂತ ಅಂದ್ರು?”

“ಸಾಕು ಅಂದ್ರು.”

“ಸಾಕು ಅಂದ್ರೆ ದಾರಿ ಸಿಗ್ತದ?”

“ಗೊತ್ತಿಲ್ಲ.”

“ಕೇಳ್ಲಿಲ್ವಾ?”

“ಇಲ್ಲ.”

ಅತ್ತೆ ನಡೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ನೀನು? ಕೇಳ್ದೇ ಬಂದ್ಯಾ?”

ತೀರ್ಪು ಇನ್ನೂ ಬಂದಿಲ್ಲ. ಭತ್ತ ಬಲಿಯುತ್ತಿದೆ, ಬೇಲಿ ಇದ್ದಲ್ಲೇ ಇದೆ. ವಕೀಲರಿಗೆ ಫೋನು ಮಾಡಬೇಕೆಂದು ದಿನಾ ಅನ್ನಿಸುತ್ತದೆ. ಇವತ್ತೂ ಮಾಡಿಲ್ಲ.